ಎಡಕ್ಕೆ ಹಳದಿ, ಬಲಕ್ಕೆ ಬಿಳಿ

ಕರಕರ ಸದ್ದು ಮಾಡುತ್ತ ಷಟರ್ ಇಳಿಯತೊಡಗಿತು. ಮಟಮಟ ಮಧ್ಯಾಹ್ನದ ಬಿಸಿಲು ಮೊದಲು ಸೊಂಟಕ್ಕಿಳಿಯಿತು, ಆಮೇಲೆ ಪಾದಕ್ಕೆ, ಕೊನೆಗೆ ನೆಲದ ಮೇಲೆ ಒಂದು ಗೆರೆಯಾಗಿ ನಿಂತು ಅದೂ ಹೋಯಿತು.

“ಗಾಬರಿ ಆಗ್ಬೇಡಿ ಅಮ್ಮ,” ಎಂದ ಗಾಡಿ ದೀಪದ ಅಂಗಡಿಯ ದೀಪದಣ್ಣ, ಕತ್ತಲೊಳಗಿಂದ. “ಬಟ್ಟೆ ಆದ್ರೆ ಬಿಸಿಲಿಗೆ ಹಿಡಿದು ನೋಡಬಹುದು. ದೀಪ ನೋಡಬೇಕು ಅಂದ್ರೆ ಕತ್ತಲೆ ಮಾಡ್ಕೊಳ್ಳಲೇಬೇಕು. ಇಡೀ ಊರಲ್ಲಿ ಹೀಗೆ ಷಟರ್ ಇಳಿಸಿ ತೋರಿಸೋನು ನಾನೊಬ್ಬನೇ.”

“ನನಗೇನು ಗಾಬರಿ, ತೋರಿಸಿ ಅಣ್ಣಾ,” ಎಂದಳು ಪತ್ತೆ ಅಕ್ಕ. ನಿಜ ಹೇಳಬೇಕೆಂದರೆ ಅವಳು ಆಗಲೇ ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು.

ಕಾಣೆಯಾದ ನಾಯಿ, ಮನೆ ಬಿಟ್ಟುಹೋದ ಗಂಡ, ಸಂಬಳದ ಬಗ್ಗೆ ಬುರುಡೆ ಬಿಟ್ಟ ವರ, ಇಂಥವರನ್ನೆಲ್ಲ ಹುಡುಕಿಕೊಟ್ಟು ಬೀದಿಯವರ ಬಾಯಲ್ಲಿ ಪತ್ತೆ ಅಕ್ಕ ಎನಿಸಿಕೊಂಡವಳು ಅವಳು. ಈ ಸಲ ಹಾಗಲ್ಲ. ಠಾಣೆಯಲ್ಲಿ ಕೂತಿದ್ದವನು ಅವಳ ಸ್ವಂತ ತಮ್ಮ. ಕಾಡುದಾರಿಯ ಕ್ಯಾಂಪುಗಳಿಗೆ ಔಷಧಿ ಸಾಗಿಸುವ ಅವನು, ಮೊನ್ನೆ ರಾತ್ರಿ ಅಲ್ಲಿನ ಕ್ಯಾಂಪೊಂದರ ಸರ್ವೇ ಸಾಹೇಬರ ಹೆಣದ ಪಕ್ಕ ತನ್ನ ಗಾಡಿ ನಿಲ್ಲಿಸಿಕೊಂಡು ನಿಂತಿದ್ದಾಗ ಪೊಲೀಸರ ಕೈಗೆ ಸಿಕ್ಕಿದ್ದ.

ಹಿಂದಿನ ವಾರವಷ್ಟೇ ಅವನೂ ಸಾಹೇಬರೂ ಕ್ಯಾಂಪಿನಲ್ಲಿ ಎಲ್ಲರೆದುರು ಕೈಕೈ ಮಿಲಾಯಿಸಿದ್ದರು. ತಮ್ಮನ ಗಾಡಿಯ ದೀಪವೊಂದು ಬೇರೆ ಒಡೆದಿತ್ತು. ಇನ್ನೇನು ಬೇಕು?

“ಅಜಾಗರೂಕತೆಯಿಂದ ಗುದ್ದಿದೆ ಅಂತ ಸಹಿ ಹಾಕಿದ್ರೆ ಸಣ್ಣದರಲ್ಲಿ ಮುಗಿಯುತ್ತೆ. ಇಲ್ಲಾಂದ್ರೆ ಕೊಲೆ ಕೇಸು. ಇವತ್ತು ಸಂಜೆಯೊಳಗೆ ತೀರ್ಮಾನ ಮಾಡಲಿ,” ಎಂದಿದ್ದರು ಇನ್ಸ್‌ಪೆಕ್ಟರು.

ತಮ್ಮ ಮಾತ್ರ ಕಂಬಿ ಹಿಡಿದುಕೊಂಡು ಒಂದೇ ಮಾತು ಹೇಳಿದ್ದ. “ಎದುರಿಂದ ಒಂದು ಗಾಡಿ ರೊಯ್ಯಂತ ಬಂತು ಅಕ್ಕಾ. ಎಡಗಡೆ ಹಳದಿ ಬೆಳಕು, ಹಾಸಿದ ಹಾಗಿತ್ತು. ಬಲಗಡೆ ಬಿಳಿ ಬೆಳಕು, ಈಟಿ ಹಾಗೆ. ಅದೇ ಅವರನ್ನ ಗುದ್ದಿ ಹೋಗಿದ್ದು. ಆ ಗಾಡಿನ ನಾನು ಜನ್ಮದಲ್ಲಿ ನೋಡಿಲ್ಲ.”

ಹೆಣ ಬಿದ್ದಿದ್ದ ಕಡೆ ಮಣ್ಣು ಕೆದಕಿದಾಗ ಅವಳಿಗೆ ಒಂದು ಗಾಜಿನ ಚೂರು ಸಿಕ್ಕಿತ್ತು. ಮೈತುಂಬ ಉದ್ದುದ್ದ ಗೀರು, ಬಣ್ಣ ಹಳದಿ. ತಮ್ಮನ ಗಾಡಿಯ ಗಾಜು ನುಣ್ಣಗೆ, ಬಿಳಿ. ಇನ್ಸ್‌ಪೆಕ್ಟರು ಚೂರನ್ನು ತಿರುಗಿಸಿಯೂ ನೋಡದೆ, “ದಾರಿ ಅಂದ್ಮೇಲೆ ಸಾವಿರ ಚೂರು ಬಿದ್ದಿರುತ್ತಮ್ಮ. ಗಾಡಿ ತಂದು ತೋರಿಸಿ, ಆಮೇಲೆ ಮಾತಾಡೋಣ,” ಎಂದು ವಾಪಸ್ಸು ಕೊಟ್ಟಿದ್ದರು. ಅಂಥ ಗಾಜು ಮಾರುವ ಅಂಗಡಿ ಊರಿಗೆಲ್ಲ ಇದೊಂದೇ. ಅದಕ್ಕೇ ಅವಳು ಯಜಮಾನರ ಹಳೇ ಫೋರ್ ವೀಲ್ ಜೀಪನ್ನು ಇಲ್ಲಿಗೆ ತಂದು, ದೀಪ ಕೊಳ್ಳುವ ಗಿರಾಕಿಯಾಗಿ ನಿಂತಿದ್ದಳು. ಚೂರು ಕರವಸ್ತ್ರದಲ್ಲಿ ಸುತ್ತಿ ಕೈಚೀಲದ ತಳದಲ್ಲಿತ್ತು. ಮೊಬೈಲು ಮಾತ್ರ ಎದುರಿನ ಕಾಫಿ ಅಂಗಡಿಯಲ್ಲಿ ಕೂತ ಯಜಮಾನರ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಎಂಥಾ ಪತ್ತೇದಾರಿಣಿ ನೋಡಿ!

ದೀಪದಣ್ಣ ಒಂದು ಸಣ್ಣ ಬಲ್ಬು ಹಾಕಿದ. ಅರವತ್ತು ದಾಟಿದ ಆಳು. ಇಸ್ತ್ರಿ ಮಾಡಿದ ಅಂಗಿ, ಬೆರಳಿಗೆರಡು ಉಂಗುರ, ಮಾತಿನಲ್ಲಿ ಜಂಬ. ಅಂಗಡಿ ರೈಲು ಡಬ್ಬಿಯಷ್ಟು ಉದ್ದವಿತ್ತು. ತುದಿಯಲ್ಲಿ ಸುಣ್ಣ ಬಳಿದ ಗೋಡೆ, ಬೆಳಕು ಬಿಟ್ಟು ನೋಡುವುದಕ್ಕೆ. ಈಚೆ ತುದಿಯಲ್ಲಿ ಕಬ್ಬಿಣದ ಸ್ಟ್ಯಾಂಡು, ಅದರ ಬುಡದಲ್ಲಿ ಲಾರಿಯ ಬ್ಯಾಟರಿ.

“ಯಾರು ಓಡಿಸೋದು ಜೀಪನ್ನ?”

“ನಮ್ಮ ಯಜಮಾನ್ರು. ಕಾಡುದಾರಿ, ರಾತ್ರಿ ಹೊತ್ತು.”

“ಜೋರಾಗಿ ಓಡಿಸ್ತಾರಾ?”

“ಅವರಾ? ಆಮೆ ಹಾರ್ನ್ ಹೊಡೆದು ಮುಂದೆ ಹೋಗುತ್ತೆ.”

ದೀಪದಣ್ಣ ಹೊಟ್ಟೆ ಕುಲುಕಿಸಿ ನಕ್ಕ. “ಹಾಗಾದ್ರೆ ಬರೀ ದೂರಕ್ಕೆ ಹೊಡೆಯೋ ದೀಪ ತಗೊಂಡು ಏನು ಮಾಡ್ತೀರಿ? ಜೋರಾಗಿ ಹೋಗೋನಿಗೆ ದೂರ ಬೇಕು, ನಿಧಾನಕ್ಕೆ ಹೋಗೋನಿಗೆ ಅಗಲ ಬೇಕು. ಜನಕ್ಕೆ ಇದು ಗೊತ್ತಾಗಲ್ಲ. ಬಂದವರೆಲ್ಲ ಎಷ್ಟು ದೂರ ಹೋಗುತ್ತೆ, ಎಷ್ಟು ದೂರ ಹೋಗುತ್ತೆ ಅಂತಾರೆ. ಪ್ರಾಣಿ ಬರೋದು ದೂರದಿಂದಲಾ? ಪಕ್ಕದ ಪೊದೆಯಿಂದ ಬರುತ್ತೆ.”

“ಛಾವಣಿ ಮೇಲೆ ಸಾಲಾಗಿ ಕೂರಿಸಿದ್ರೆ?”

“ಬೇಡವೇ ಬೇಡ. ಬಾನೆಟ್ ಮೇಲೆ ಬಿದ್ದು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಜೀಪೇನು ಮದುವೆ ಮನೆಯಾ, ಸೀರಿಯಲ್ ಸೆಟ್ ಹಾಕೋಕೆ? ಬಂಪರ್ ಮೇಲೆ, ಗಟ್ಟಿಯಾಗಿ, ಅಲ್ಲಾಡಬಾರದು. ಆಮೇಲೆ ಈ ನೀಲಿ ಹೊಡೆಯೋ ಬಿಳಿ ಇದೆಯಲ್ಲ, ಅಂಗಡೀಲಿ ಭಾರೀ ಚೆಂದ. ಧೂಳು ಎದ್ದಾಗ ಹಾಕಿ ನೋಡಿ, ಮುಂದೆ ಗೋಡೆ ಕಟ್ಟಿದ ಹಾಗಾಗುತ್ತೆ. ತಂತಿಗೆ ಜಿಪುಣತನ ಮಾಡಬಾರದು. ಸಣ್ಣ ತಂತಿ ಬಿಸಿಯಾಗಿ ಅರ್ಧ ಬೆಳಕು ದಾರೀಲೇ ತಿಂದುಹಾಕುತ್ತೆ.”

ಮಾತು ಕೇಳುತ್ತ ಕೇಳುತ್ತ ಪತ್ತೆ ಅಕ್ಕನಿಗೆ ತಾನು ಬಂದ ಕೆಲಸವೇ ಮರೆಯುವಂತಾಯಿತು. ಜಂಬವೋ ಏನೋ, ಈ ಮನುಷ್ಯನಿಗೆ ದೀಪದ ಮೇಲೆ ಪ್ರೀತಿಯಿತ್ತು. ಇಂಥವನು ಕೆಟ್ಟವನಾಗಿರದಿದ್ದರೆ ಸಾಕಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

“ಈಗ ನೋಡಿ ನನ್ನ ಕೈಚಳಕ,” ಎಂದು ಅವನು ಸ್ಟ್ಯಾಂಡಿನ ಎರಡು ದೀಪಗಳ ಮೇಲಿನ ಬಟ್ಟೆ ಸರಿಸಿದ. “ಬೇರೆಯವರು ಎರಡೂ ಒಂದೇ ಥರದ್ದು ಹಾಕ್ತಾರೆ. ಯಾಕೆ ಅಂದ್ರೆ ಜೋಡಿ ಅಂತಾರೆ. ಗಂಡ ಹೆಂಡತೀನೂ ಜೋಡಿನೇ, ಇಬ್ಬರೂ ಒಂದೇ ಥರ ಇರ್ತಾರಾ? ನಾನು ಎಡಗಡೆಗೆ ಹಳದಿ ಹಾಕ್ತೀನಿ. ಗೀರುಗೀರು ಗಾಜು, ಬೆಳಕನ್ನ ಚಾಪೆ ಹಾಗೆ ಹಾಸುತ್ತೆ. ಚರಂಡಿ, ಪೊದೆ, ಗುಂಡಿ ಎಲ್ಲ ಕಾಣುತ್ತೆ. ಬಲಗಡೆಗೆ ಬಿಳಿ, ನುಣ್ಣನೆ ಗಾಜು, ನೆಟ್ಟಗೆ ದೂರಕ್ಕೆ. ಈ ಜೋಡಣೆ ನನ್ನದು. ಇನ್ನೊಬ್ಬನ ಹತ್ತಿರ ಸಿಗಲ್ಲ.”

ಅವಳು ಕೈಚೀಲದ ತಳವನ್ನು ಸವರಿಕೊಂಡಳು. ಗೀರುಗೀರು ಗಾಜು. ಹಳದಿ.

“ಗಾಜು ಒಡೆದುಹೋದ್ರೆ ಅಣ್ಣಾ? ಅದೊಂದೇ ಬಿಡಿಯಾಗಿ ಸಿಗುತ್ತಾ?” ಎಂದು ಕೇಳಿದಳು, ಆದಷ್ಟೂ ಸಾದಾ ಗಿರಾಕಿಯ ದನಿಯಲ್ಲಿ.

“ಯಾಕೆ ಸಿಗಲ್ಲ? ನಿನ್ನೆ ತಾನೇ ಒಂದು...”

ಅಲ್ಲಿಗೇ ಅವನ ಮಾತು ಕಡಿಯಿತು. “ಸಿಗುತ್ತೆ ಸಿಗುತ್ತೆ. ತರಿಸಿಕೊಡೋಣ,” ಎಂದು ಬ್ಯಾಟರಿಯ ಕಡೆ ಬಗ್ಗಿದ.

ಅಷ್ಟಕ್ಕೇ ಮುಗಿಸಿ ಷಟರ್ ಎತ್ತಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಮೆಚ್ಚಿನ ದೀಪವನ್ನು ಗಿರಾಕಿಗೆ ತೋರಿಸದೆ ಬಿಡುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಸ್ವಿಚ್ ಒತ್ತಿದ.

ಬಲಗಡೆಯ ಬಿಳಿ ಬೆಳಕು ನೆಟ್ಟಗೆ ಹೋಗಿ ಸುಣ್ಣದ ಗೋಡೆಗೆ ಬಡಿಯಿತು. ಎಡಗಡೆಯ ಹಳದಿ ಅವನು ಹೇಳಿದ ಹಾಗೆಯೇ ಹರಡಿತು. ಟೈರಿನ ರಾಶಿ, ಡಬ್ಬಿಗಳು, ಏಣಿ, ಎಲ್ಲವನ್ನೂ ಬೆಳಗುತ್ತ ಅಂಗಡಿಯ ಎಡ ಮೂಲೆಯ ತನಕ ಹೋಯಿತು. ಅಲ್ಲಿ ಟಾರ್ಪಾಲಿನ ಅಂಚಿನ ಕೆಳಗೆ ಎರಡು ಕೆಂಪು ಕಣ್ಣು ಹೊಳೆದವು.

ಗಾಡಿಯ ಹಿಂಭಾಗದ ರಿಫ್ಲೆಕ್ಟರು.

“ಆಹಾ, ಮೂಲೆ ಸಹ ಕಾಣುತ್ತಲ್ಲ!” ಎನ್ನುತ್ತ ಅವಳು ಮುಂದೆ ನಡೆದೇಬಿಟ್ಟಳು. “ಅದ್ಯಾವ ಗಾಡಿ ಅಣ್ಣಾ?”

“ರಿಪೇರಿಗೆ ಬಂದದ್ದು. ಅಲ್ಲಿ ಹೋಗ್ಬೇಡಿ ಅಮ್ಮ, ಎಣ್ಣೆ ಚೆಲ್ಲಿದೆ, ಜಾರುತ್ತೆ.”

“ಬೆಳಕು ಎಲ್ಲಿ ತನಕ ಬರುತ್ತೆ ನೋಡ್ತೀನಿ ಇರಿ.”

ಗಾಡಿಯ ಮೂತಿ ಗೋಡೆಯ ಕಡೆಗಿತ್ತು. ಬಾನೆಟ್ಟಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಲಾಗಿ ತೂರುವಷ್ಟೇ ಜಾಗ. ಅವಳು ಉಸಿರು ಬಿಗಿಹಿಡಿದು ತೂರಿದಳು. ಟಾರ್ಪಾಲಿನೊಳಗೆ ಕೈಹಾಕಿ ಬಂಪರನ್ನು ಸವರಿದಳು. ಗಾಡಿಯ ಬಲಗಡೆ ಒಂದು ದುಂಡು ದೀಪ ಸಿಕ್ಕಿತು. ಗಾಜು ನುಣ್ಣಗಿತ್ತು. ಕೈಯನ್ನು ಗಾಡಿಯ ಎಡಗಡೆಗೆ ಒಯ್ದಳು. ದೀಪವಿರಲಿಲ್ಲ. ಬರೀ ಕಬ್ಬಿಣದ ಕ್ಲಾಂಪು, ಅದರಿಂದ ಇಳಿಬಿದ್ದ ಎರಡು ತಂತಿ.

ಅಷ್ಟರಲ್ಲಿ ಎಲ್ಲವೂ ಆರಿಹೋಯಿತು. ಸ್ಟ್ಯಾಂಡಿನ ದೀಪ, ಸಣ್ಣ ಬಲ್ಬು, ತಲೆಯ ಮೇಲಿನ ಫ್ಯಾನು.

“ಕರೆಂಟ್ ಹೋಯ್ತು,” ಎಂದ ದೀಪದಣ್ಣ. ದನಿಯಲ್ಲಿ ನಗುವಿರಲಿಲ್ಲ. “ಷಟರ್ ಮೋಟರಿಂದು. ಈಗ ಏಳಲ್ಲ.”

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರು ಗುಂಯ್ ಎಂದು ಓಡುತ್ತಲೇ ಇತ್ತು. ಅಲ್ಲಿ ಹೋಗದ ಕರೆಂಟು ಇಲ್ಲಿ ಹೇಗೆ ಹೋಯಿತು? ಬ್ಯಾಟರಿಯಲ್ಲಿ ಉರಿಯುವ ದೀಪವೂ ಆರಿತಲ್ಲ? ಹಿಂದೆ ಗೋಡೆ, ಮುಂದೆ ಗಾಡಿ. ಅಯ್ಯೋ, ಬೇಕಿತ್ತಾ ನನಗೆ, ಎಂದು ಒಳಗೊಳಗೇ ಬೈದುಕೊಂಡಳು.

ಕಬ್ಬಿಣದ ಸ್ಟ್ಯಾಂಡನ್ನು ನೆಲದ ಮೇಲೆ ಎಳೆಯುವ ಸದ್ದು ಹತ್ತಿರ ಹತ್ತಿರ ಬಂತು. ಜೊತೆಗೆ ಬ್ಯಾಟರಿ ದೂಡುವ ಏದುಸಿರು. ಟಪ್ಪೆಂದು ಎರಡೂ ದೀಪ ಅವಳ ಮುಖಕ್ಕೇ ಹೊತ್ತಿಕೊಂಡವು.

“ಯಾರಮ್ಮ ನೀನು?”

ಕಣ್ಣು ಬಿಡಲಾಗಲಿಲ್ಲ. ಕೈ ಅಡ್ಡ ಹಿಡಿದರೂ ಬೆಳಕು ಬೆರಳ ಸಂದಿಯಿಂದ ನುಗ್ಗುತ್ತಿತ್ತು.

“ದೀಪ ಕೊಳ್ಳೋಕೆ ಬಂದವಳು.”

“ದೀಪ ಕೊಳ್ಳೋಕೆ ಬಂದವರು ಗಾಡಿ ಮೂತಿ ಸವರಲ್ಲ. ನಿಜ ಹೇಳು. ಹೇಳೋ ತನಕ ಈ ಷಟರ್ ಏಳಲ್ಲ, ನಾನೂ ಇಲ್ಲಿಂದ ಅಲ್ಲಾಡಲ್ಲ.”

ಸುಳ್ಳಿಗೆ ಜಾಗವಿರಲಿಲ್ಲ. ಇದ್ದಿದ್ದರೂ ಅವಳಿಗೆ ಆ ಹೊತ್ತಿನಲ್ಲಿ ಹೊಳೆಯುತ್ತಿರಲಿಲ್ಲ.

“ಸರ್ವೇ ಸಾಹೇಬರನ್ನ ಗುದ್ದಿ ಸಾಯಿಸಿದ ಅಂತ ಒಬ್ಬ ಹುಡುಗನ್ನ ಹಿಡಿದಿದ್ದಾರಲ್ಲ, ಅವನ ಅಕ್ಕ ನಾನು,” ಎಂದಳು. ದನಿ ನಡುಗಿತು, ನಡುಗಿದ್ದಕ್ಕೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಮಾತು ಸಲೀಸಾಯಿತು. “ಅಮ್ಮ ಹೋದಾಗ ಅವನಿಗೆ ಚಡ್ಡಿ ಗುಂಡಿ ಹಾಕ್ಕೊಳ್ಳೋಕೂ ಬರ್ತಿರಲಿಲ್ಲ. ನಾನೇ ಸಾಕಿದ್ದು. ಈ ಗಾಡಿ ಎಡಗಡೆ ದೀಪದ ಚೂರು ನನ್ನ ಚೀಲದಲ್ಲಿದೆ. ಹೆಣದ ಪಕ್ಕ ಸಿಕ್ಕಿದ್ದು. ಈಗ ನೀವು ಹೇಳಿ, ಯಾರದ್ದು ಈ ಗಾಡಿ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ.”

ಬೆಳಕಿನ ಆಚೆಯಿಂದ ಸ್ಟೂಲು ಎಳೆದುಕೊಂಡು ಧೊಪ್ಪನೆ ಕೂತ ಸದ್ದು.

“ನನ್ನ ಅಳಿಯಂದು,” ಎಂದ ದೀಪದಣ್ಣ.

ಗ್ರೈಂಡರು ನಿಂತಿತು. ಮತ್ತೆ ಶುರುವಾಯಿತು.

“ಮಗಳ ಮದುವೆ ಆಗಿ ಇನ್ನೂ ವರ್ಷ ತುಂಬಿಲ್ಲ ಕಣಮ್ಮ. ನಿನ್ನೆ ಬೆಳಿಗ್ಗೆ ಬಂದು ಬಾಗಿಲು ತೆಗೀತೀನಿ, ಗಾಡಿ ಒಳಗಿದೆ. ಒಂದು ಕೀ ಅವನ ಹತ್ತಿರಾನೂ ಇರುತ್ತೆ. ಎಡಗಡೆ ದೀಪ ಪುಡಿಪುಡಿ. ಬಂಪರ್ ಮೇಲೆ...” ಅವನು ಆ ಮಾತು ಮುಗಿಸಲಿಲ್ಲ. “ಅವನನ್ನ ಕೇಳಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾನೆ. ಮಗಳಿಗೆ ಇನ್ನೂ ಏನೂ ಗೊತ್ತಿಲ್ಲ. ನಾನು ಯಾರ ಕತ್ತು ಹಿಡೀಲಿ, ಯಾರ ಕಾಲು ಹಿಡೀಲಿ?”

“ನಿಮ್ಮ ಮಗಳು ನಿಮಗೆ ಹೇಗೋ ನನ್ನ ತಮ್ಮ ನನಗೆ ಹಾಗೆ. ಮಾಡದ ತಪ್ಪಿಗೆ ಅವನು ಯಾಕೆ ಒಳಗಿರಬೇಕು?”

“ಅವನೇನಾದ್ರೂ ನೋಡಿದ್ದಾನಾ? ಗಾಡಿನ ನೋಡಿದೆ ಅಂದನಾ?”

“ನೋಡಿದ್ದಾನೆ. ಎದುರಿಂದ ಬಂತು ಅಂದ. ಎಡಗಡೆ ಹಳದಿ ಹಾಸಿದ ಹಾಗೆ, ಬಲಗಡೆ ಬಿಳಿ ಈಟಿ ಹಾಗೆ.”

“ಎಲ್ಲಿ, ಇನ್ನೊಂದು ಸಲ ಹೇಳು.”

ಅವಳು ಹೇಳಿದಳು. ಸ್ಟೂಲು ಕಿರುಗುಟ್ಟಿತು. ಅವನು ಎದ್ದು ನಿಂತಿದ್ದ.

“ಈಗ ನಿನ್ನ ಎದುರು ಇರೋದೂ ಅದೇ ಜೋಡಿ. ಕೈ ತೆಗೆದು ನೋಡು. ಯಾವ ಕಡೆ ಹಳದಿ?”

ಅವಳು ಕೈ ತೆಗೆದಳು. ಕಣ್ಣೊಳಗೆ ಸೂಜಿ ಚುಚ್ಚಿದಂತಾಯಿತು. ಎಲ್ಲವೂ ಒಂದೇ ಉರಿಯುವ ಮುದ್ದೆ. ನೀರು ಸುರಿಯುತ್ತಿದ್ದ ಕಣ್ಣನ್ನು ಕಿರಿದು ಮಾಡಿ, ಹಟದಿಂದ ನೋಡಿದ ಮೇಲೆ ಒಂದು ಪಕ್ಕ ತುಸು ಹಳದಿಯಾಗಿ ಕಂಡಿತು.

“ಬಲಗಡೆ,” ಎಂದಳು. “ನನ್ನ ಬಲಗಡೆ.”

“ಹಾಸಿದ ಹಾಗಿದೆಯಾ? ಈಟಿ ಹಾಗಿದೆಯಾ?”

“ಅದೆಲ್ಲಿ ಗೊತ್ತಾಗುತ್ತೆ, ಬರೀ ಬೆಂಕಿ.”

“ಹೂಂ. ಈಗ ಈಚೆ ಬಾ. ದೀಪದ ಹಿಂದೆ ಬಂದು ನಿಂತ್ಕೋ.”

ಗೋಡೆಗೆ ಬೆನ್ನು ಉಜ್ಜಿಕೊಂಡು ಅವಳು ಹೊರಬಂದಳು, ತಡವರಿಸುತ್ತ ಅವನ ಪಕ್ಕಕ್ಕೆ ಹೋಗಿ ತಿರುಗಿದಳು. ಎಡಕ್ಕೆ ಹಳದಿ, ಚಾಪೆ ಹಾಸಿದಂತೆ. ಬಲಕ್ಕೆ ಬಿಳಿ, ಈಟಿಯಂತೆ. ತಮ್ಮ ಹೇಳಿದ್ದ ಒಂದೊಂದು ಅಕ್ಷರವೂ ಅಲ್ಲಿ ಗೋಡೆಯ ಮೇಲಿತ್ತು.

ಇದು ಎದುರಿಗೆ ನಿಂತವನಿಗೆ ಕಾಣುವ ನೋಟವಲ್ಲ. ಗಾಡಿಯೊಳಗೆ ಕೂತವನಿಗೆ ಕಾಣುವ ನೋಟ.

ಅವಳು ಸ್ಟೂಲನ್ನು ಹಿಡಿದುಕೊಂಡಳು. ಸುಳ್ಳು ಹೇಳಿದ್ದ. ಜನ್ಮದಲ್ಲಿ ನೋಡಿಲ್ಲ ಎಂದು ಕಂಬಿ ಹಿಡಿದುಕೊಂಡು, ಅಕ್ಕನ ಕಣ್ಣಿನಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದ. ಚಡ್ಡಿ ಗುಂಡಿ ಹಾಕಿದ ಕೈಗೆ ಈ ಬಹುಮಾನ!

“ಇಬ್ಬರೂ ಒಂದೇ ಗಾಡೀಲಿ ಇದ್ರು ಕಣಮ್ಮ,” ಎಂದ ದೀಪದಣ್ಣ ಮೆಲ್ಲಗೆ. ಆ ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ. “ನಿನ್ನ ತಮ್ಮ, ನನ್ನ ಅಳಿಯ. ಒಬ್ಬ ಓಡಿಸ್ತಿದ್ದ, ಒಬ್ಬ ಪಕ್ಕದಲ್ಲಿ ಕೂತಿದ್ದ. ಗುದ್ದಿದ ಮೇಲೆ ಸಾಹೇಬರನ್ನ ಎತ್ಕೊಂಡು ಹೋಗೋಕೋ ಏನೋ, ನಿನ್ನವನು ಹೋಗಿ ತನ್ನ ಗಾಡಿ ತಂದು ಅಲ್ಲಿ ನಿಂತ, ನನ್ನವನು ಇದನ್ನ ತಂದು ಇಲ್ಲಿ ಮುಚ್ಚಿಟ್ಟ. ಓಡಿಸಿದ್ದು ಯಾರು ಅನ್ನೋದೊಂದೇ ಈಗ ಉಳಿದಿರೋದು.”

“ನನ್ನ ತಮ್ಮ ಅಲ್ಲ,” ಎಂದಳು ಥಟ್ಟನೆ.

“ನನ್ನ ಅಳಿಯ ಅಲ್ಲ ಅಂತ ನಾನೂ ಹೇಳಬಲ್ಲೆ.”

ಈ ಗಾಡಿಯ ವಿಷಯ ಠಾಣೆಯಲ್ಲಿ ಹೇಳಿದರೆ ತಮ್ಮನೂ ಆ ಗಾಡಿಯಲ್ಲಿದ್ದ ಎಂದು ಅವಳೇ ಬಾಯಿ ಬಿಟ್ಟಂತೆ. ಹೇಳದಿದ್ದರೆ ಸಂಜೆಗೆ ಅವನು ಸಹಿ ಹಾಕುತ್ತಾನೆ. ದೀಪದಣ್ಣನ ಗತಿಯೂ ಇದಕ್ಕಿಂತ ಬೇರೆಯೇನಲ್ಲ. ಷಟರ್ ಇಳಿಸಿದವನು ಅವನೇ ಆದರೂ ಒಳಗೆ ಸಿಕ್ಕಿಕೊಂಡವರು ಇಬ್ಬರೂ ಆಗಿದ್ದರು.

ಧಡ್ ಧಡ್ ಧಡ್!

“ಲೇ! ಇದ್ದೀಯೇನೇ ಒಳಗೆ?” ಯಜಮಾನರ ದನಿ. ಮೂರು ಕಾಫಿ ಕುಡಿದು ಮುಗಿದಿರಬೇಕು. “ಬಾಗಿಲು ತೆಗೀರಿ ಸ್ವಾಮೀ, ಇನ್ಸ್‌ಪೆಕ್ಟರು ಬಂದಿದ್ದಾರೆ!”

ದೀಪದಣ್ಣ ಕದಲಲಿಲ್ಲ. ಷಟರ್ ಮತ್ತೆ ಗುಡುಗಿತು.

“ತೆಗೀರಿ ಅಣ್ಣಾ. ಇವತ್ತಲ್ಲ ನಾಳೆ ತೆಗೀಲೇಬೇಕು,” ಎಂದಳು ಅವಳು.

ಅವನು ಸ್ಟ್ಯಾಂಡಿನ ದೀಪ ಆರಿಸಿ, ಕತ್ತಲಲ್ಲೇ ಹೋಗಿ ಮೇನ್ ಸ್ವಿಚ್ ಎತ್ತಿದ. ಫ್ಯಾನು ತಿರುಗಿತು. ಷಟರ್ ಏಳುತ್ತಿದ್ದಂತೆ ಬಿಸಿಲಲ್ಲಿ ಮೊದಲು ಎರಡು ಜೊತೆ ಬೂಟು, ಯಜಮಾನರ ಚಪ್ಪಲಿ, ಆಮೇಲೆ ಇನ್ಸ್‌ಪೆಕ್ಟರು ಮತ್ತು ಪೇದೆಯ ಮುಖ ಕಂಡವು.

“ಏನಮ್ಮ, ಮೊಬೈಲು ಯಜಮಾನರ ಕೈಲಿ ಕೊಟ್ಟು ಬಂದಿದ್ದೀರಿ, ಇಲ್ಲಿದ್ದೀರಿ ಅಂತ ಅವರೇ ಹೇಳಿದ್ದು,” ಎಂದರು ಇನ್ಸ್‌ಪೆಕ್ಟರು. ಹಣೆಯ ಬೆವರು ಒರೆಸಿಕೊಂಡರು. “ನಿಮ್ಮ ತಮ್ಮ ಸಹಿ ಹಾಕಲ್ಲ ಅಂದ. ಕೊಲೆ ಕೇಸೇ ಹಾಕ್ತೀನಿ ಕಣಯ್ಯಾ ಅಂದೆ. ಹಾಕಿ ಅಂದ. ಆಮೇಲೆ ಬಾಯಿಬಿಟ್ಟ. ಆ ಗಾಡಿ ಎದುರಿಂದ ಬಂದದ್ದಲ್ಲವಂತೆ, ಇವನೂ ಅದರಲ್ಲೇ ಇದ್ದನಂತೆ. ಪಕ್ಕದ ಸೀಟಲ್ಲಿ.”

“ಓಡಿಸಿದ್ದು?” ಎಂದಳು ಅವಳು.

“ಗೆಳೆಯನಂತೆ. ಹೆಸರು ಹೇಳಲ್ಲ, ಹೊಸದಾಗಿ ಮದುವೆ ಆದವನು ಅಂತಾನೆ. ಅವನೇ ಬಂದು ಒಪ್ಪಿಕೊಳ್ಳಲಿ ಅಂತ ಇಷ್ಟು ಹೊತ್ತು ಕಾದನಂತೆ. ಈಗ ಹೇಳ್ತಿದ್ದಾನೆ, ‘ನಮ್ಮಕ್ಕ ಗಾಡಿ ಹುಡುಕೇ ಹುಡುಕ್ತಾಳೆ. ಸಿಕ್ಕ ಮೇಲೆ ಸ್ಟೀರಿಂಗ್ ನೋಡಿ. ನನ್ನ ಬೆರಳಿನ ಗುರುತು ಒಂದೇ ಒಂದು ಇದ್ರೂ ಗಲ್ಲಿಗೆ ಹಾಕಿ, ಓಡಿಸಿದವನದ್ದೇ ಇರುತ್ತೆ’ ಅಂತ. ಅದೊಂದರ ಮೇಲೇ ನಿಂತಿದ್ದಾನೆ ಹುಡುಗ.”

ಓಡಿಸಿದ್ದು ಅವನಲ್ಲ! ಅವಳಿಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು. ಸುಳ್ಳು ಹೇಳಿದ್ದ, ಹೌದು, ಮನೆಗೆ ಬರಲಿ, ಎರಡು ಬಾರಿಸುತ್ತೇನೆ. ಆದರೆ ಮನೆಗೆ ಬರುತ್ತಾನೆ. ಗಾಡಿ ಇಲ್ಲೇ ಇದೆ, ಟಾರ್ಪಾಲಿನ ಕೆಳಗೆ, ಕೂಗಳತೆಯ ದೂರದಲ್ಲಿ.

ದೀಪದಣ್ಣನ ಕಡೆ ತಿರುಗಿದಳು. ಕ್ಷಮಿಸಿ ಅಣ್ಣಾ ಎಂದು ಹೇಳಿಯೇ ಬೆರಳು ಎತ್ತಿ ತೋರಿಸಬೇಕೆಂದುಕೊಂಡಿದ್ದಳು.

ಅವನು ಉಂಗುರದ ಕೈ ಎರಡನ್ನೂ ಮುಂದೆ ಹಿಡಿದುಕೊಂಡು, ಯಾರದೋ ಕೈ ಎಂಬಂತೆ ನೋಡುತ್ತಿದ್ದ.

“ಒರೆಸಿಬಿಟ್ಟೆ ಕಣಮ್ಮ,” ಎಂದ, ಅವಳೊಬ್ಬಳಿಗೇ ಕೇಳುವಷ್ಟು ದನಿಯಲ್ಲಿ. “ಸ್ಟೀರಿಂಗು, ಗೇರು, ಬಾಗಿಲು, ಒಂದೂ ಬಿಡದ ಹಾಗೆ. ಇವತ್ತು ಬೆಳಿಗ್ಗೆ, ಸೀಮೆಎಣ್ಣೆ ಹಾಕಿ, ಈ ಕೈಯಾರೆ.”